ಸೆಯಾಟ್ 1400 ಮತ್ತು 1500: ಸ್ಪೇನಿನ ದೊಡ್ಡವರ ಕಾರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರುಗಳ ಮಾತು ಬಂದರೆ ಎಲ್ಲರೂ ಜರ್ಮನಿ, ಇಟಲಿ, ಇಂಗ್ಲೆಂಡ್ ಅಂತ ಶುರು ಮಾಡುತ್ತಾರೆ. ಸ್ಪೇನಿನ ಹೆಸರು ಯಾರ ಬಾಯಿಗೂ ಬರುವುದಿಲ್ಲ. ನನಗೆ ಮಾತ್ರ ಅಲ್ಲಿನ ಈ ಒಂದು ಕಾರಿನ ಮೇಲೆ ಮೊದಲಿನಿಂದಲೂ ಕಣ್ಣು. ಮಂತ್ರಿಗಳಿಗೆ, ಡಾಕ್ಟರುಗಳಿಗೆ ಅಂತ ಹುಟ್ಟಿದ ಕಾರು ಕೊನೆಗೆ ಬಾಳಿದ್ದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ. ಅದರ ಬಗ್ಗೆ ಕೇಳಿಬರುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ.

ಇದು ಒಂದು ಕಾರೋ, ಎರಡು ಕಾರೋ?

ಲೆಕ್ಕಕ್ಕೆ ಎರಡು, ವಂಶ ಒಂದೇ. 1953ರಲ್ಲಿ ಬಂದದ್ದು ಸೆಯಾಟ್ 1400. ಅದರ ಜಾಗಕ್ಕೆ 1963ರಲ್ಲಿ ಬಂದದ್ದು ಸೆಯಾಟ್ 1500. ಎರಡೂ ನಾಲ್ಕು ಬಾಗಿಲಿನ ದೊಡ್ಡ ಸಲೂನ್ ಕಾರುಗಳು. ಎಂಜಿನ್ ಮುಂದೆ, ಓಟದ ಬಲ ಹಿಂದಿನ ಚಕ್ರಕ್ಕೆ. ಎರಡೂ ಸೇರಿ ಸುಮಾರು ಇಪ್ಪತ್ತು ವರ್ಷ ಸ್ಪೇನಿನ ರಸ್ತೆಯಲ್ಲಿ 'ದೊಡ್ಡ ಕಾರು' ಅಂದರೆ ಇದೇ ಅನ್ನುವಂತೆ ಮಾಡಿದವು.

ಸೀಟ್ ಅನ್ನಬೇಕಾ, ಸೆಯಾಟ್ ಅನ್ನಬೇಕಾ?

ಕೂರುವ ಸೀಟು ಅಲ್ಲ ಮಾರಾಯ್ರೆ. ಸ್ಪ್ಯಾನಿಷಿನಲ್ಲಿ ಸೆ-ಆತ್ ಎಂದು ಬಿಡಿಸಿ ಹೇಳುತ್ತಾರೆ. ಸೊಸಿಯೆದಾದ್ ಎಸ್ಪಾನ್ಯೋಲಾ ದೆ ಆಟೊಮೊವಿಲೆಸ್ ದೆ ತುರಿಸ್ಮೊ ಎಂಬ ಉದ್ದ ಹೆಸರಿನ ಮೊದಲಕ್ಷರಗಳು ಇವು. ಅರ್ಥ: ಸ್ಪೇನಿನ ಪ್ರಯಾಣಿಕ ಕಾರುಗಳ ಕಂಪನಿ. ಸರ್ಕಾರಿ ಕಚೇರಿಯ ಬೋರ್ಡಿನ ಹಾಗೆ ಕೇಳಿಸುತ್ತೆ ಅಲ್ವಾ? ಅದಕ್ಕೆ ಕಾರಣವೂ ಇದೆ, ಅದು ಹೆಚ್ಚುಕಮ್ಮಿ ಸರ್ಕಾರಿ ಕಂಪನಿಯೇ ಆಗಿತ್ತು.

ಸರ್ಕಾರ ಯಾಕೆ ಕಾರು ಮಾಡಲು ಹೋಯಿತು?

1936ರಿಂದ 1939ರವರೆಗೆ ಸ್ಪೇನಿನಲ್ಲಿ ಅಂತರ್ಯುದ್ಧ. ಗೆದ್ದವನು ಜನರಲ್ ಫ್ರಾಂಕೊ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪು ಅವನ ಆಡಳಿತವನ್ನು ದೂರವೇ ಇಟ್ಟಿತು. ಅಮೆರಿಕದ ಮಾರ್ಷಲ್ ಯೋಜನೆಯ ದುಡ್ಡು ಇಟಲಿಗೆ ಬಂತು, ಜರ್ಮನಿಗೂ ಬಂತು, ಸ್ಪೇನಿಗೆ ಮಾತ್ರ ಇಲ್ಲ. ಹೊರಗಿನಿಂದ ಕಾರು ತರಿಸಲು ಡಾಲರ್ ಇಲ್ಲ. ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಗಾಡಿ ಓಡಿಸುತ್ತಿದ್ದರು. ನಮ್ಮ ಮೈಸೂರು ಸೀಮೆಯಲ್ಲೂ ಯುದ್ಧದ ಕಾಲದಲ್ಲಿ ಇದ್ದಿಲು ಬಸ್ಸು ಹತ್ತಿದ ಹಿರಿಯರಿದ್ದರು, ಅವರನ್ನು ಕೇಳಿದ್ದರೆ ಆ ಪಾಡು ಹೇಳುತ್ತಿದ್ದರು. ಸ್ಪೇನಿನಲ್ಲಿ ರೇಷನ್ ಕಾರ್ಡು ರದ್ದಾದದ್ದೇ 1952ರಲ್ಲಿ.

ಹಾಗಂತ ಅವರಿಗೆ ಕಾರು ಮಾಡಲು ಬರುತ್ತಿರಲಿಲ್ಲ ಅಂತ ಅಲ್ಲ. ಬಾರ್ಸಿಲೋನಾದಲ್ಲಿ 1904ರಲ್ಲೇ ಹಿಸ್ಪಾನೊ-ಸುಯಿಜಾ ಶುರುವಾಗಿತ್ತು. ರಾಜಮಹಾರಾಜರು ಹತ್ತುತ್ತಿದ್ದ ಕಾರುಗಳವು. ಯುದ್ಧದ ನಂತರ ಅದರ ಕಾರ್ಖಾನೆ ಸರ್ಕಾರದ ಕೈಗೆ ಹೋಗಿ, ಪೆಗಾಸೊ ಹೆಸರಿನ ಲಾರಿಗಳು ಅಲ್ಲಿಂದ ಬಂದವು. ಸಾಮಾನ್ಯ ಕಾರು ಮಾಡುವವರು ಯಾರೂ ಉಳಿದಿರಲಿಲ್ಲ.

ಆಗ ಐಎನ್‌ಐ ಎಂಬ ಸರ್ಕಾರಿ ಕೈಗಾರಿಕಾ ಸಂಸ್ಥೆ ಮುಂದೆ ಬಂತು. 1950ರ ಮೇ 9ರಂದು ಕಂಪನಿ ರಿಜಿಸ್ಟರ್ ಆಯಿತು. ಶೇಕಡಾ 51 ಪಾಲು ಐಎನ್‌ಐದು. ಆರು ಬ್ಯಾಂಕುಗಳಿಗೆ ತಲಾ ಶೇಕಡಾ 7. ಉಳಿದ ಶೇಕಡಾ 7 ಇಟಲಿಯ ಫಿಯೆಟ್‌ಗೆ.

ಬರೀ ಶೇಕಡಾ 7 ಪಾಲಿಗೆ ಫಿಯೆಟ್ ತನ್ನ ಕಾರನ್ನೇ ಕೊಟ್ಟುಬಿಟ್ಟಿತಾ?

ಸುಮ್ನೆ ಯಾರು ಕೊಡುತ್ತಾರೆ? ಲೈಸೆನ್ಸ್, ಯಂತ್ರಗಳು, ತಾಂತ್ರಿಕ ನೆರವು, ಎಲ್ಲವೂ ವ್ಯಾಪಾರವೇ. ಮೇಲಾಗಿ, ಹೊರಗಿನವರಿಗೆ ಬಾಗಿಲು ಮುಚ್ಚಿದ್ದ ಮಾರುಕಟ್ಟೆಯೊಳಗೆ ಫಿಯೆಟ್ ಒಂದು ಕಾಲು ಇಟ್ಟಂತಾಯಿತು. ಲೆಕ್ಕಾಚಾರ ಫಲಿಸಿತು. 1967ರ ಹೊತ್ತಿಗೆ ಅದರ ಪಾಲು ಶೇಕಡಾ 36ಕ್ಕೆ ಏರಿ, ಐಎನ್‌ಐ ಪಾಲು 32ಕ್ಕೆ ಇಳಿದಿತ್ತು.

ದೇಶಕ್ಕೆ ದೇಶವೇ ಬಡತನದಲ್ಲಿರುವಾಗ ಮೊದಲು ಮಾಡಿದ್ದು ದೊಡ್ಡ ಕಾರೇ ಯಾಕೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು. ಸಣ್ಣ ಕಾರು ಮಾಡಿದರೂ ಕೊಳ್ಳುವ ಶಕ್ತಿ ಆಗ ಸಾಮಾನ್ಯ ಜನಕ್ಕೆ ಇರಲಿಲ್ಲ. ಕೊಳ್ಳಬಲ್ಲವರು ಯಾರು? ಮಂತ್ರಿಗಳ ಕಚೇರಿ, ಸೈನ್ಯದ ಅಧಿಕಾರಿಗಳು, ಮಿಲ್ ಮಾಲೀಕರು, ಹೆಸರು ಮಾಡಿದ ಡಾಕ್ಟರುಗಳು. ಜೊತೆಗೆ ಟ್ಯಾಕ್ಸಿಯವರು. ಯುದ್ಧಕ್ಕೆ ಮುಂಚಿನ ಸವೆದ ಗಾಡಿಗಳನ್ನೇ ತೇಪೆ ಹಾಕಿ ಓಡಿಸುತ್ತಿದ್ದವರು ಅವರು. ಇಷ್ಟು ಜನಕ್ಕೂ ದೊಡ್ಡ ಕಾರೇ ಬೇಕಿತ್ತು. ಬೆಲೆ ಒಂದು ಲಕ್ಷ ಪೆಸೆಟಾ ದಾಟುತ್ತಿತ್ತು. ಕೆಲಸಗಾರನಿಗೆ ಅದು ಕನಸಿನಲ್ಲೂ ಬರುವ ಮೊತ್ತವಲ್ಲ.

ಅದೇ ಹೊತ್ತಿನಲ್ಲಿ ಅದೇ ಬಾರ್ಸಿಲೋನಾ ಸುತ್ತಮುತ್ತ ಬಿಸ್ಕೂಟರ್ ಎಂಬ ಪುಟಾಣಿ ಗಾಡಿಯೂ ತಯಾರಾಗುತ್ತಿತ್ತು. ಮೊದಲ ಮಾದರಿಗೆ ಬಾಗಿಲೂ ಇಲ್ಲ, ರಿವರ್ಸ್ ಗೇರೂ ಇಲ್ಲ. ಹಿಂದಕ್ಕೆ ಹೋಗಬೇಕಾದರೆ ಇಳಿದು ತಳ್ಳುವುದು. ಒಂದೇ ಬೀದಿಯಲ್ಲಿ ಆ ಬಿಸ್ಕೂಟರೂ ಈ 1400 ಕಾರೂ ನಿಂತಿದ್ದರೆ, 1950ರ ದಶಕದ ಸ್ಪೇನ್ ಹೇಗಿತ್ತು ಅಂತ ಬೇರೆ ವಿವರಿಸಬೇಕಿಲ್ಲ.

ಜನರ ಕಾರು ಬಂದದ್ದು 1957ರಲ್ಲಿ, ಸೆಯಾಟ್ 600. ಬೆಲೆ 65,000 ಪೆಸೆಟಾ. ಸ್ಪೇನಿನ ಕಾರಿನ ಕಥೆ ಹೇಳುವವರೆಲ್ಲ ಅದನ್ನೇ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಮೆರೆಸಲಿ, ಅದರ ಯೋಗ್ಯತೆ ಅದಕ್ಕಿದೆ. ಆದರೆ ಆ ಕಾರ್ಖಾನೆಗೆ ಕಾರು ಮಾಡುವುದನ್ನು ಕಲಿಸಿದ್ದು 1400.

ಮೊದಲ ಕಾರು ಹೊರಬಂದದ್ದು ಯಾವಾಗ, ಎಲ್ಲಿ?

1953ರ ನವೆಂಬರ್ 13, ಬಾರ್ಸಿಲೋನಾದ ಜೋನಾ ಫ್ರಾಂಕಾ ಕಾರ್ಖಾನೆಯಿಂದ. ಬಂದರಿನ ಪಕ್ಕದ ಜಾಗ ಅದು. ಇಟಲಿಯಿಂದ ಹಡಗಿನಲ್ಲಿ ಯಂತ್ರ, ಬಿಡಿಭಾಗ ತರಿಸಲು ಸುಲಭ. ಹಿಸ್ಪಾನೊ-ಸುಯಿಜಾ ಕಾಲದಿಂದ ಪಳಗಿದ ಕೈಗಳೂ ಊರಲ್ಲಿ ಇದ್ದವು.

ಮೊದಲ ಕಾರಿನ ನಂಬರ್ B-87.223. B ಅಂದರೆ ಬಾರ್ಸಿಲೋನಾ. ಆಗ 925 ಕೆಲಸಗಾರರಿದ್ದರು. ದಿನಕ್ಕೆ ಐದು ಕಾರು ತಯಾರಾಗುತ್ತಿತ್ತು. ಹೌದು, ಐದೇ. ಮೊದಮೊದಲು ಫಿಯೆಟ್‌ನ ಊರಾದ ಟುರಿನ್‌ನಿಂದ ಬಂದ ಭಾಗಗಳನ್ನು ಇಲ್ಲಿ ಜೋಡಿಸುತ್ತಿದ್ದರು. ಆಮೇಲೆ ಒಂದೊಂದೇ ಭಾಗವನ್ನು ಸ್ಪೇನಿನಲ್ಲೇ ಮಾಡಲು ಕಲಿತರು.

ಆ ಕಾರ್ಖಾನೆಯ ಊಟದ ಮನೆಗೆ ಅಂತರರಾಷ್ಟ್ರೀಯ ಪ್ರಶಸ್ತಿ ಬಂತಂತೆ, ನಿಜವಾ?

ನಿಜ. ಕಂಪನಿಯ ಮೊದಲ ಅಧ್ಯಕ್ಷ ಹೊಸೆ ಓರ್ತಿಸ್-ಎಚಾಗುಯೆ. ಎಂಜಿನಿಯರ್, ವಿಮಾನ ಹಾರಿಸಿದವರು, ಅದೆಲ್ಲಕ್ಕಿಂತ ಜಾಸ್ತಿ ಹೆಸರಾದದ್ದು ಫೋಟೊಗ್ರಾಫರ್ ಆಗಿ. ಅವರ ಮಗ ಸೆಸಾರ್, ಇನ್ನಿಬ್ಬರು ವಾಸ್ತುಶಿಲ್ಪಿಗಳ ಜೊತೆ ಸೇರಿ ಕೆಲಸಗಾರರಿಗೆ ಊಟದ ಮನೆ ಕಟ್ಟಿದರು. ಅಡಿಪಾಯದ ಮಣ್ಣು ಗಟ್ಟಿ ಇರಲಿಲ್ಲ. ಭಾರ ಕಮ್ಮಿ ಇರಬೇಕು. ಅದಕ್ಕೆ ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ವಿಮಾನ ತಯಾರಕರ ಕೈಚಳಕ. ಸುತ್ತ ಗಾಜು, ನಡುವೆ ತೋಟದ ಅಂಗಳ. 1957ರಲ್ಲಿ ಅಮೆರಿಕದ ರೆನಾಲ್ಡ್ಸ್ ಪ್ರಶಸ್ತಿ ಬಂತು. ಸರ್ವಾಧಿಕಾರದ ದೇಶದಲ್ಲಿ ಕೂಲಿಯವರು ಊಟ ಮಾಡುವ ಕಟ್ಟಡಕ್ಕೆ! ಅಪ್ಪ ಅಧ್ಯಕ್ಷ, ಮಗನಿಗೆ ಕಾಂಟ್ರಾಕ್ಟು ಅಂತ ನಮ್ಮವರು ಮೂಗು ಮುರಿಯಬಹುದು. ಆದರೆ ಕಟ್ಟಡದ ಫೋಟೊ ನೋಡಿದರೆ ಬಾಯಿ ಮುಚ್ಚುತ್ತೆ.

1400, 1400 ಎ, ಬಿ, ಸಿ: ಏನು ವ್ಯತ್ಯಾಸ?

ಮೂಲ 1400 ಅಂದರೆ ಫಿಯೆಟ್ 1950ರಲ್ಲಿ ಜಿನೀವಾದಲ್ಲಿ ತೋರಿಸಿದ ಕಾರೇ. ಫಿಯೆಟ್‌ನ ಎಂಜಿನಿಯರ್ ದಾಂತೆ ಜಾಕೋಸಾ ಅವರ ಕೈಯ ಕೆಲಸ. ಚಾಸಿ ಬೇರೆ, ಬಾಡಿ ಬೇರೆ ಅನ್ನುವ ಹಳೇ ಪದ್ಧತಿ ಬಿಟ್ಟು ಎರಡನ್ನೂ ಒಂದೇ ಮಾಡಿದ ಮೊದಲ ಫಿಯೆಟ್. ಅಮೆರಿಕನ್ ಕಾರುಗಳ ಹಾಗೆ ಉಬ್ಬಿದ, ದುಂಡನೆಯ ಮೈ. ಎಂಜಿನ್ 1395 ಸಿಸಿ, 44 ಅಶ್ವಶಕ್ತಿ. 1954ರ ಎ ಮಾದರಿಯಲ್ಲಿ 50 ಆಯಿತು, 1956ರ ಬಿ ಮಾದರಿಯಲ್ಲಿ 58.

ಸಿ ಮಾತ್ರ ಬೇರೆಯೇ ಜಾತಿ. ಹೆಸರು ಹಳೇದು, ಮೈ ಪೂರಾ ಹೊಸದು. ಫಿಯೆಟ್ 1959ರಲ್ಲಿ 1800, 2100 ಎಂಬ ಆರು ಸಿಲಿಂಡರಿನ ದೊಡ್ಡ ಕಾರುಗಳನ್ನು ತಂದಿತ್ತು. ನೇರ ಗೆರೆ, ಚಪ್ಪಟೆ ಚಾವಣಿ, ಹಿಂದೆ ಸಣ್ಣ ರೆಕ್ಕೆ. ಆ ಮೈಯೊಳಗೆ ಹಳೇ 1400 ಎಂಜಿನ್ ಕೂರಿಸಿದರೆ ಅದೇ 1400 ಸಿ. ಜರಿ ಪೇಟದ ಕೆಳಗೆ ಮಾಸಿದ ಅಂಗಿ ತೊಟ್ಟ ಹಾಗೆ. ಎಲ್ಲಾ 1400 ಮಾದರಿಗಳನ್ನು ಸೇರಿಸಿದರೆ 80 ಸಾವಿರಕ್ಕೂ ಜಾಸ್ತಿ ಕಾರು ಬಂದವು.

ಹಾಗಾದರೆ 1500 ಹೊಸ ಕಾರಲ್ಲವೇ?

ಮೈ ಅದೇ, ಸಿ ಮಾದರಿಯದು. ಎಂಜಿನ್ ಹೊಸದು: 1481 ಸಿಸಿ, 72 ಅಶ್ವಶಕ್ತಿ. ಕಾಗದದ ಮೇಲೆ ಚಿಕ್ಕ ಬದಲಾವಣೆ. ರಸ್ತೆ ಮೇಲೆ ಅಲ್ಲ. ಆರು ಸಿಲಿಂಡರಿಗೆ ಅಂತ ಮಾಡಿದ ಮೈಯನ್ನು ಹಳೇ ಎಂಜಿನ್ ಏದುಸಿರು ಬಿಡುತ್ತಾ ಎಳೆಯುತ್ತಿತ್ತು, ಈ ಎಂಜಿನ್ ಬಂದ ಮೇಲೆ ಗಾಡಿಗೆ ಜೀವ ಬಂತು. ಜನ ಪ್ರೀತಿಯಿಂದ 'ಮಿಲ್ಕಿ' ಅಂದರು. 'ಮಿಲ್ ಕಿನಿಯೆಂತೊಸ್', ಅಂದರೆ ಸಾವಿರದ ಐನೂರು. ಅದರ ಮೊಟಕು ರೂಪ.

ಒಳಗೆ ಕೂತರೆ ಹೇಗಿರುತ್ತದೆ?

ಮುಂದೆ ಉದ್ದಕ್ಕೂ ಒಂದೇ ಸೋಫಾ. ಮೂವರು ಆರಾಮಾಗಿ ಕೂರಬಹುದು, ಯಾಕೆಂದರೆ ನಡುವೆ ಗೇರ್ ಕಡ್ಡಿ ಇಲ್ಲ. ಅದು ಸ್ಟೀರಿಂಗ್ ಪಕ್ಕದಲ್ಲಿ, ನಾಲ್ಕು ಗೇರು. ನಮ್ಮ ಪದ್ಮಿನಿ ಓಡಿಸಿದವರಿಗೆ ಹೇಳಿಕೊಡಬೇಕಿಲ್ಲ: ಹಿಡಿಯನ್ನು ತನ್ನತ್ತ ಎಳೆದು ಮೇಲೆ ಕೆಳಗೆ, ತಳ್ಳಿ ಮೇಲೆ ಕೆಳಗೆ. ನಮ್ಮ ಸೋದರಮಾವನ ಪದ್ಮಿನಿಯಲ್ಲಿ ಕಲಿಯುವಾಗ ನನಗೆ ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ಆ ತಿರುವಿನಲ್ಲಿ ಕೈ ಪ್ರತಿ ಸಲ ಹಾದಿ ತಪ್ಪುತ್ತಿತ್ತು. 'ಎಳೀಬೇಡ, ಬಿಡು, ಅದೇ ಹೋಗುತ್ತೆ' ಅನ್ನುತ್ತಿದ್ದರು ಮಾವ. ಮಿಲ್ಕಿಯ ಫೋಟೊದಲ್ಲಿ ಆ ಸಪೂರ ಕಡ್ಡಿ ನೋಡಿದಾಗಲೆಲ್ಲ ಬಲಗೈ ಬದಲು ಎಡಗೈ ಮಿಸುಕುತ್ತೆ. ಅವರದು ಎಡಗಡೆ ಸ್ಟೀರಿಂಗ್, ಕಡ್ಡಿ ಬಲಗೈಗೆ. ನಮ್ಮದು ಉಲ್ಟಾ.

ಹಿಂದಿನ ಸೀಟೂ ಅಷ್ಟೇ ವಿಶಾಲ. ಡಿಕ್ಕಿಯಂತೂ ಒಂದು ಸಂಸಾರದ ಗಂಟುಮೂಟೆ ನುಂಗುವಷ್ಟು ದೊಡ್ಡದು. ಕಾರಿನ ಹಣೆಬರಹ ಬದಲಾದದ್ದು ಈ ಡಿಕ್ಕಿಯಿಂದಲೇ ಅಂತ ನನ್ನ ವಾದ.

ಟ್ಯಾಕ್ಸಿ ಆದದ್ದು ಹೇಗೆ?

1400 ಕಾಲದಿಂದಲೇ ಟ್ಯಾಕ್ಸಿಯವರು ಕೊಳ್ಳುತ್ತಿದ್ದರು. 1500 ಬಂದ ಮೇಲೆ ಬೇರೆ ಆಯ್ಕೆಯೇ ಇಲ್ಲ ಅನ್ನುವ ಹಾಗಾಯಿತು. 1960ರ ದಶಕ ಸ್ಪೇನಿಗೆ ಹಳ್ಳಿ ಬಿಟ್ಟು ಪಟ್ಟಣ ಸೇರುವ ಕಾಲ. ಆಂಡಲೂಸಿಯಾದಿಂದ, ಎಸ್ತ್ರೆಮದೂರಾದಿಂದ ರೈಲು ಹತ್ತಿ ಮ್ಯಾಡ್ರಿಡ್‌ಗೋ ಬಾರ್ಸಿಲೋನಾಕ್ಕೋ ಬಂದು ಇಳಿಯುವ ಜನ. ಹಗ್ಗ ಬಿಗಿದ ರಟ್ಟಿನ ಸೂಟ್‌ಕೇಸು. ಇನ್ನೊಂದು ಕಡೆಯಿಂದ ಬಿಸಿಲಿಗೆ ಅಂತ ಬರುವ ಪ್ರವಾಸಿಗಳ ದಂಡು. ಎರಡೂ ಬಗೆಯ ಸಾಮಾನಿಗೆ ಈ ಡಿಕ್ಕಿ ಹೇಳಿ ಮಾಡಿಸಿದಂತಿತ್ತು.

ಮ್ಯಾಡ್ರಿಡ್‌ನಲ್ಲಿ ಕಪ್ಪು ಮೈಗೆ ಉದ್ದಕ್ಕೂ ಕೆಂಪು ಪಟ್ಟಿ. ಬಾರ್ಸಿಲೋನಾದಲ್ಲಿ ಕಪ್ಪು-ಹಳದಿ. ಗಾಜಿನ ಹಿಂದೆ 'ಲಿಬ್ರೆ' ಅನ್ನುವ ಬೋರ್ಡು, ಅಂದರೆ ಖಾಲಿ ಇದೆ. ರಾತ್ರಿ ಹಸಿರು ದೀಪ. ಮೀಟರಿನ ಬಾವುಟ ಕೆಳಗೆ ತಿರುಗಿಸಿದರೆ ಲೆಕ್ಕ ಶುರು. ಇವತ್ತಿಗೂ ಅಲ್ಲಿ ಕನಿಷ್ಠ ಚಾರ್ಜಿಗೆ 'ಬಾವುಟ ಇಳಿಸಿದ್ದು' ಅಂತಲೇ ಹೇಳುತ್ತಾರೆ, ಬಾವುಟ ಹೋಗಿ ಕಾಲವಾದರೂ.

ಹಿಂಭಾಗ ಉದ್ದನೆಯ ಫ್ಯಾಮಿಲಿಯಾರ್, ಅಂದರೆ ಸ್ಟೇಷನ್ ವ್ಯಾಗನ್ ಮಾದರಿಯೂ ಇತ್ತು. ಅದೇ ಗಾಡಿಯನ್ನು ಕತ್ತರಿಸಿ, ಬೆಸೆದು ಆಂಬುಲೆನ್ಸ್ ಮಾಡಿದರು, ಹೆಣದ ಗಾಡಿಯನ್ನೂ ಮಾಡಿದರು.

ಡೀಸೆಲ್ ಎಂಜಿನ್ ಮರ್ಸಿಡಿಸ್‌ನದ್ದು ಅನ್ನುತ್ತಾರಲ್ಲ?

ಹೌದು. ಟ್ಯಾಕ್ಸಿಯವನಿಗೆ ವೇಗ ಬೇಡ, ಲೀಟರಿಗೆ ಎಷ್ಟು ಅನ್ನುವುದೇ ಮುಖ್ಯ. ಅವರಿಗಾಗಿ ಮರ್ಸಿಡಿಸ್-ಬೆಂಜ್‌ನ ಡೀಸೆಲ್ ಎಂಜಿನ್ ಕೂರಿಸಿದ ಮಾದರಿ ಬಂತು. ಮೊದಲು 1.8 ಲೀಟರಿನದು, ಆಮೇಲೆ 2 ಲೀಟರಿನದು. ಇಟಾಲಿಯನ್ ಮೈ, ಜರ್ಮನ್ ಎಂಜಿನ್, ಸ್ಪ್ಯಾನಿಷ್ ಹೆಸರು. ಸದ್ದು ಜಾಸ್ತಿ, ಓಟ ನಿಧಾನ, ಆಯಸ್ಸು ಗಟ್ಟಿ.

ಮುಂದೆ ಎರಡು ದೀಪದ್ದೂ ಇದೆ, ನಾಲ್ಕು ದೀಪದ್ದೂ ಇದೆ. ಯಾವುದು ಹಳೆಯದು?

ಎರಡು ದೀಪದ್ದು ಹಳೆಯದು, ಅದಕ್ಕೆ 'ಮೊನೊಫಾರೊ' ಎನ್ನುತ್ತಾರೆ. 1969ರಲ್ಲಿ ಮುಖ ಬದಲಿಸಿ ಜೋಡಿ ದೀಪ ಹಾಕಿದರು, ಅದು 'ಬಿಫಾರೊ'. ನನಗೆ ಒಂಟಿ ದೀಪದ್ದೇ ಚೆಂದ.

ಸರ್ವಾಧಿಕಾರಿ ಫ್ರಾಂಕೊ ಇದರಲ್ಲೇ ಓಡಾಡುತ್ತಿದ್ದನೇ?

ಸ್ವದೇಶಿ ಭಾಷಣ ಬೇರೆ, ಸವಾರಿ ಬೇರೆ. ಮೆರವಣಿಗೆಗೆ ಅವನ ಹತ್ತಿರ ರೋಲ್ಸ್-ರಾಯ್ಸ್ ಫ್ಯಾಂಟಮ್ 4 ಇದ್ದವು. ಜಗತ್ತಿನಲ್ಲಿ ಮಾಡಿದ್ದೇ 18, ಅದರಲ್ಲಿ ಮೂರು ಸ್ಪೇನಿಗೆ. ಸೆಯಾಟ್ ಬಂದದ್ದು ಕೆಳಗಿನ ಅಧಿಕಾರಿಗಳ ಪಾಲಿಗೆ.

ಇದಕ್ಕೆ ಪೈಪೋಟಿ ಯಾರೂ ಇರಲಿಲ್ಲವೇ?

1965ರಿಂದ ಒಬ್ಬ ಇದ್ದ. ಎದುವಾರ್ದೊ ಬರೆಯ್ರೋಸ್ ಗಲೀಸಿಯಾ ಪ್ರಾಂತ್ಯದ ಮೆಕ್ಯಾನಿಕ್. ಯುದ್ಧದಲ್ಲಿ ಉಳಿದುಹೋದ ರಷ್ಯನ್ ಲಾರಿಗಳ ಪೆಟ್ರೋಲ್ ಎಂಜಿನ್ನನ್ನು ಡೀಸೆಲ್‌ಗೆ ಬದಲಿಸುವ ಉಪಾಯ ಕಂಡುಕೊಂಡು ಮೇಲೆ ಬಂದವನು. ಮ್ಯಾಡ್ರಿಡ್ ಪಕ್ಕದ ವಿಯಾವೆರ್ದೆಯಲ್ಲಿ ದೊಡ್ಡ ಕಾರ್ಖಾನೆ ಕಟ್ಟಿದ. 1963ರಲ್ಲಿ ಅಮೆರಿಕದ ಕ್ರೈಸ್ಲರ್ ಶೇಕಡಾ 40 ಪಾಲು ತೆಗೆದುಕೊಂಡಿತು. ಅಲ್ಲಿಂದ ಬಂದದ್ದು ಡಾಡ್ಜ್ ಡಾರ್ಟ್: 3.7 ಲೀಟರಿನ, ಆರು ಸಿಲಿಂಡರಿನ ಆನೆ. ಸ್ಪೇನಿನಲ್ಲಿ ಆಗ ಅಷ್ಟು ದೊಡ್ಡ ಎಂಜಿನ್ನಿಗೆ ಪೆಟ್ರೋಲ್ ಸುರಿಯುವ ಗಿರಾಕಿ ಎಷ್ಟು ಜನ? ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಕಂಪನಿ ಸಾಲಕ್ಕೆ ಬಿದ್ದು ಕ್ರೈಸ್ಲರ್ ಕೈಗೆ ಹೋಯಿತು, ಬರೆಯ್ರೋಸ್ ಹೊರಬಂದ. ತಾನು ಕಟ್ಟಿದ ಕಾರ್ಖಾನೆಯಿಂದಲೇ.

ಡಾರ್ಟ್‌ನ ಮುಂದಿನ ರೂಪ ಡಾಡ್ಜ್ 3700 ಜಿಟಿ, 1971ರಿಂದ. ನಿಜವಾದ ಸಾಹೇಬರ ಕಾರು ಅಂದರೆ ಆಗ ಅದೇ ಆಯಿತು. ಅದರ ಹೆಸರು ಇತಿಹಾಸಕ್ಕೆ ಸೇರಿದ್ದು ಮಾತ್ರ ಬೇರೆ ಕಾರಣಕ್ಕೆ. 1973ರ ಡಿಸೆಂಬರ್ 20ರ ಬೆಳಗ್ಗೆ ಪ್ರಧಾನಿ ಕರೆರೊ ಬ್ಲಾಂಕೊ ಚರ್ಚಿನಿಂದ ಮರಳುತ್ತಿದ್ದರು. ಮ್ಯಾಡ್ರಿಡ್‌ನ ಕ್ಲಾಡಿಯೊ ಕೋಯೆಯೊ ಬೀದಿ. ಬಾಸ್ಕ್ ಸಶಸ್ತ್ರ ಗುಂಪು ಈಟಿಎ ರಸ್ತೆಯಡಿ ಸುರಂಗ ತೋಡಿ ಸ್ಫೋಟಕ ಇಟ್ಟಿತ್ತು. ಕಾರು ಐದಂತಸ್ತಿನ ಕಟ್ಟಡವನ್ನೇ ದಾಟಿ ಆಚೆ ಒಳ ಅಂಗಳದ ಕಡೆಯ ಮಹಡಿಯ ಮೇಲೆ ಬಿತ್ತು. ಪ್ರಧಾನಿ, ಚಾಲಕ, ಅಂಗರಕ್ಷಕ ಮೂವರೂ ಸತ್ತರು. ಆ ಕಾರಿನ ನಂಬರ್ ಪಿಎಂಎಂ ಎಂದು ಶುರುವಾಗುತ್ತದೆ, ಅದು ಮಂತ್ರಿಗಳ ವಾಹನ ವಿಭಾಗದ ಗುರುತು.

1500 ಯಾವಾಗ ನಿಂತಿತು? ಆಮೇಲೆ ಏನಾಯಿತು?

ಲಕ್ಷಕ್ಕೂ ಮೀರಿ ಕಾರು ಮಾಡಿ, 1970ರ ದಶಕದ ಶುರುವಿನಲ್ಲಿ ನಿಲ್ಲಿಸಿದರು. 1973ರಲ್ಲಿ ಅದರ ಕುರ್ಚಿಗೆ ಸೆಯಾಟ್ 132 ಬಂತು, ಅದೂ ಫಿಯೆಟ್ ಮೂಲದ್ದೇ. ಅದಕ್ಕೂ ಮರ್ಸಿಡಿಸ್ ಡೀಸೆಲ್ ಎಂಜಿನ್ ಹಾಕಿ ಟ್ಯಾಕ್ಸಿಯವರಿಗೆ ಕೊಟ್ಟರು. ಚಾಳಿ ಬಿಡಲಿಲ್ಲ.

ಕೊನೆಯ ವರ್ಷಗಳಲ್ಲಿ ಕಾರ್ಖಾನೆಯೊಳಗೂ ಶಾಂತಿ ಇರಲಿಲ್ಲ. 1971ರ ಅಕ್ಟೋಬರ್ 18ರಂದು ಕೆಲಸದಿಂದ ತೆಗೆದವರನ್ನು ವಾಪಸ್ ಸೇರಿಸಿಕೊಳ್ಳಿ ಎಂದು ಸಾವಿರಾರು ಕೆಲಸಗಾರರು ಜೋನಾ ಫ್ರಾಂಕಾ ಕಾರ್ಖಾನೆಯನ್ನೇ ಹಿಡಿದು ಕೂತರು. ಪೊಲೀಸರು ಒಳನುಗ್ಗಿ ಗುಂಡು ಹಾರಿಸಿದರು. ಗಾಯಗೊಂಡ ಒಬ್ಬ ಕೆಲಸಗಾರ ಕೆಲವು ದಿನದಲ್ಲಿ ತೀರಿಕೊಂಡ.

ಮುಂದೆ 1980ರ ದಶಕದ ಆರಂಭದಲ್ಲಿ ಫಿಯೆಟ್ ಕೈಬಿಟ್ಟು ಹೋಯಿತು. 1982ರಲ್ಲಿ ಫೋಕ್ಸ್‌ವ್ಯಾಗನ್ ಒಪ್ಪಂದ ಮಾಡಿಕೊಂಡು, 1986ರಲ್ಲಿ ಬಹುಪಾಲು ತನ್ನದು ಮಾಡಿಕೊಂಡಿತು.

ಇಷ್ಟೆಲ್ಲಾ ಮಾಡಿದ್ದರೂ ಇವತ್ತು ಯಾಕೆ ಹೆಚ್ಚು ಕಾಣುವುದಿಲ್ಲ?

ಟ್ಯಾಕ್ಸಿಯನ್ನು ಯಾರೂ ಮುದ್ದು ಮಾಡಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓಡುವಷ್ಟು ದಿನ ಓಡಿಸಿ, ಆಮೇಲೆ ಗುಜರಿಗೆ. 600 ಮನೆಯ ಮಗುವಿನ ಹಾಗೆ, ಅಪ್ಪನ ಮೊದಲ ಕಾರು ಅಂತ ಉಳಿಸಿಕೊಂಡರು. 1500 ಬೇರೆಯವರ ಕಾರು. ಎಲ್ಲರೂ ಹತ್ತಿದ್ದರು, ಯಾರದ್ದೂ ಆಗಿರಲಿಲ್ಲ.

ನೋಡಬೇಕೆಂದರೆ ಜೋನಾ ಫ್ರಾಂಕಾದ ಹಳೇ ಕಾರ್ಖಾನೆ ಜಾಗದಲ್ಲಿ ಎ122 ಎಂಬ ಶೆಡ್ಡಿನಲ್ಲಿ ಕಂಪನಿಯ ಹಳೇ ಕಾರುಗಳ ಸಂಗ್ರಹ ಇದೆ. ಚಾವಣಿ ಇಲ್ಲದ ಒಂದು ವಿಚಿತ್ರ 1400 ಕೂಡ ಅಲ್ಲಿದೆ. ಹೆಸರು 'ವಿಸಿತಾಸ್'. ಕಾರ್ಖಾನೆ ನೋಡಲು ಬಂದ ಅತಿಥಿಗಳನ್ನು ಕೂರಿಸಿ ಒಳಗೆಲ್ಲ ಸುತ್ತಾಡಿಸಲು ಮಾಡಿದ್ದು. ಮದುವೆ ದಿಬ್ಬಣದ ತೆರೆದ ಜೀಪಿನ ಚಿಕ್ಕಪ್ಪನ ಹಾಗೆ ಕಾಣುತ್ತೆ.

ನಮ್ಮ ದೇಶಕ್ಕೂ ಈ ಕಂಪನಿಗೂ ಏನಾದರೂ ನಂಟಿದೆಯೇ?

1500 ಇಲ್ಲಿಗೆ ಬರಲಿಲ್ಲ. ಆದರೆ ದಾಯಾದಿಗಳು ಅನ್ನಬಹುದು. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಅದೇ ಫಿಯೆಟ್ ಲೈಸೆನ್ಸಿನಲ್ಲಿ 1100 ಕಾರು ಮಾಡುತ್ತಿತ್ತು, ಮುಂದೆ ಅದೇ ಪದ್ಮಿನಿ ಆಯಿತು. ಅದೂ ಕಪ್ಪು-ಹಳದಿ ಟ್ಯಾಕ್ಸಿಯಾಯಿತು, ಬಾರ್ಸಿಲೋನಾದ ಬಣ್ಣವೇ. ಇದು ಕಾಕತಾಳೀಯ ಅಷ್ಟೆ.

ನೇರ ನಂಟು ಬೇರೊಂದಿದೆ. ಸ್ಪೇನಿನಲ್ಲಿ ಸೆಯಾಟ್ 124 ಎಂಬ ಇನ್ನೊಂದು ಕಾರಿನ ತಯಾರಿಕೆ 1980ರಲ್ಲಿ ಮುಗಿದ ಮೇಲೆ, ಅದರ ಅಚ್ಚು-ಸಲಕರಣೆಗಳನ್ನು ಪ್ರೀಮಿಯರ್ ಕೊಂಡುಕೊಂಡಿತು. ಅದಕ್ಕೆ ನಿಸ್ಸಾನಿನ 1171 ಸಿಸಿ ಎಂಜಿನ್ ಕೂರಿಸಿ 1985ರಲ್ಲಿ ಬಿಟ್ಟ ಕಾರೇ ಪ್ರೀಮಿಯರ್ 118ಎನ್‌ಇ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ 'ಒನ್ ಒನ್ ಏಯ್ಟ್' ಅಂತ ಕರೆಯುತ್ತಿದ್ದೆವಲ್ಲ, ಆ ಚೌಕಾಕಾರದ ಕಾರು. ಡಾಕ್ಟರುಗಳ ಮನೆ ಮುಂದೆ, ಬ್ಯಾಂಕ್ ಮ್ಯಾನೇಜರ್ ಮನೆ ಮುಂದೆ ನಿಂತಿರುತ್ತಿತ್ತು. ಎಲ್ಲರೂ ಅದನ್ನು ಫಿಯೆಟ್ಟು ಅಂತಲೇ ತಿಳಿದಿದ್ದರು. ಅದರ ಬಾಗಿಲು ಅಚ್ಚಾಗಿ ಬಂದ ಸಲಕರಣೆ ಮಾತ್ರ ಒಂದು ಕಾಲಕ್ಕೆ ಬಾರ್ಸಿಲೋನಾದ್ದು.